ಸಲಿಂಗಿ ಶೃಂಗಾರದ ತುಂಟ ಪತ್ತೇದಾರಿ ಕತೆ ಬರೆಯುವುದು ಹೇಗೆ, ಎರಡನೇ ಭಾಗವೂ ಸೇರಿ

ಮೊದಲು ಅಪರಾಧ ಗಟ್ಟಿ ಮಾಡಿಕೊಳ್ಳಿ: ಯಾರು, ಹೇಗೆ, ಯಾಕೆ. ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಬನ್ನಿ. ಮೂರು ನಿಜವಾದ ಸುಳಿವು, ದಾರಿ ತಪ್ಪಿಸಲು ಎರಡು, ಸಾಕು. ಹಾಸಿಗೆ ಆಮೇಲೆ.

ಶೃಂಗಾರದ ದೃಶ್ಯ ಕಿತ್ತುಹಾಕಿದರೂ ಕತೆ ನಡೆಯುತ್ತದೆ ಎಂದಾದರೆ ಆ ದೃಶ್ಯ ದಂಡ. ಉದಾಹರಣೆಗೆ, ಪತ್ತೇದಾರ ಶಂಕಿತನ ಅಂಗಿ ಬಿಚ್ಚುತ್ತಾನೆ. ಮೂರನೇ ಗುಂಡಿಗೆ ಮಾತ್ರ ಬೇರೆ ಬಣ್ಣದ ದಾರ. ಓದುಗನ ಗಮನವೆಲ್ಲ ಬೆರಳುಗಳ ಮೇಲೆ, ದಾರ ಕಂಡೂ ಕಾಣದಂತೆ ಜಾರುತ್ತದೆ. ಮುಂದೆಲ್ಲೋ ಬೀಗ ಹಾಕಿದ ಕೋಣೆಯಲ್ಲಿ ಹಳೇ ಗುಂಡಿ ಸಿಕ್ಕಾಗ ಓದುಗ ಹಿಂದಿನ ಪುಟ ತಿರುವಬೇಕು. ದಾರದ ಮಾತು ಒಂದೇ ಸಲ. ಎರಡು ಸಲ ಹೇಳಿದರೆ ಗುಟ್ಟು ರಟ್ಟು.

ನಗು ಇಬ್ಬರ ಮಾತಿನ ಜಟಾಪಟಿಯಿಂದ ಹುಟ್ಟಲಿ, ಅವರು ಗಂಡಸರನ್ನು ಬಯಸುತ್ತಾರೆ ಎಂಬುದರಿಂದಲ್ಲ. ಸಲಿಂಗಿ ಎಂಬ ಗುಟ್ಟು ಮುಚ್ಚಿಡಲು ಕೊಲೆ ಮಾಡಿದ ಅನ್ನುವುದಂತೂ ಸವೆದುಹೋದ ಉಪಾಯ. ಇಬ್ಬರೂ ವಯಸ್ಕರು, ಇಬ್ಬರಿಗೂ ಮನಸ್ಸಿದೆ ಎಂಬುದು ಸಂಭಾಷಣೆಯಲ್ಲೇ ತಿಳಿಯಬೇಕು.

ಎರಡನೇ ಭಾಗ ಸೊರಗುವುದು ಜೋಡಿ ಆಗಲೇ ಒಂದಾಗಿ ತವಕ ಆರಿಹೋಗಿರುವುದರಿಂದ. ಅದಕ್ಕೆಂದು ಸುಮ್ಮನೆ ಜಗಳ ಹಚ್ಚಬೇಡಿ. ಒಬ್ಬ ಇನ್ನೊಬ್ಬನಿಂದ ಸಾಕ್ಷ್ಯ ಬಚ್ಚಿಡಲೇಬೇಕಾದ ಪ್ರಕರಣ ಕೊಡಿ. ಮೊದಲ ಭಾಗದ ಕೊಲೆಗಾರನ ಹೆಸರು ಇಲ್ಲಿ ಬಾಯಿಬಿಡಬೇಡಿ, ಎರಡನೆಯದನ್ನೇ ಮೊದಲು ಓದುವವರೂ ಇರುತ್ತಾರೆ.