ಜಿಪ್ಸಿಯ ಸ್ಟೆಪ್ನಿಗೊಂದು ಹೊಸ ಕೈ

ದೇವಿಮನೆ ಘಟ್ಟ ಇಳಿಯುವಾಗ ಹಿಂದಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಅಡಿಕೆ ಚೀಲದ ಕೆಳಗೆ ಏನೋ ಸಿಕ್ಕಿರಬೇಕು ಅಂದುಕೊಂಡೆ. ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿ ನೋಡಿದರೆ, ನನ್ನ ಮಾರುತಿ ಜಿಪ್ಸಿಯ ಹಿಂಬಾಗಿಲಿನ ಹಿಂಜ್ ಪಕ್ಕದಲ್ಲೇ ತಗಡು ಬಿರುಕು ಬಿಟ್ಟಿದೆ.

ತಪ್ಪು ನನ್ನದೇ. 205/70 ಆರ್15 ಅಳತೆಯ ಟೈರಿಗೆಂದು ಮಾಡಿದ ಬಾಗಿಲಿಗೆ ಅದಕ್ಕಿಂತ ದೊಡ್ಡ 235/75 ಆರ್15 ಸ್ಟೆಪ್ನಿ ನೇತುಹಾಕಿದ್ದೆ. ಮನೆಗೆ ಬಂದು ಅಡಿಕೆ ತೂಗುವ ಕಾಟಾದ ಮೇಲಿಟ್ಟೆ. ರಿಮ್ ಸೇರಿ 26 ಕೆಜಿ! ಇದು ಬಾಗಿಲು ಹೊರುವ ಭಾರ ಅಲ್ಲ, ಚಾಸಿಗೇ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೇ ಹೊರಿಸಬೇಕು ಅಂತ ತೀರ್ಮಾನಿಸಿದೆ. ಹಿಂದೆ ಗಟ್ಟಿ ಬಂಪರ್, ಅದರ ಒಂದು ತುದಿಯಲ್ಲಿ ಬಾಗಿಲಿನಂತೆ ತಿರುಗುವ ಕಬ್ಬಿಣದ ಕೈ, ಆ ಕೈಗೆ ಸ್ಟೆಪ್ನಿ.

ಬಂಪರ್ ಕೆಲಸ ಸಲೀಸಾಗಿ ಮುಗಿಯಿತು. 5 ಎಂಎಂ ದಪ್ಪದ ಚೌಕ ಪೈಪು, ಚಾಸಿಗೆ ಎರಡೂ ಕಡೆ ಬೋಲ್ಟು. ಶಿರಸಿಯ ವೆಲ್ಡಿಂಗ್ ಶಾಪಿನವರು ಬ್ಯಾಟರಿ ವೈರ್ ಬಿಚ್ಚದೆ ಗಾಡಿಗೆ ಕೈ ಹಾಕಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಡುವ ಭಯ.

ತಲೆನೋವಾಗಿದ್ದು ಕೈ ತಿರುಗುವ ಜಾಗ. "ಹೆಗಡೇರೇ, ಪೈಪಿನೊಳಗೆ ಪೈಪ್ ಹಾಕಿದ್ರೆ ಸಾಕಾಗ್ತದೆ" ಅಂದರು. ಹಾಗೇ ಮಾಡಿದೆವು. ತಿಂಗಳಿಗೇ ಕೈಯ ತುದಿ ಒಂದು ಇಂಚು ಜೋತುಬಿತ್ತು. ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಎತ್ತಬೇಕು. ತೋಟದ ಗೇಟಿನ ಎರಡು ಹಿಂಜನ್ನು ಹತ್ತಿರ ಹತ್ತಿರ ಹೊಡೆದರೆ ಜೋಲುತ್ತದಲ್ವಾ, ಅದೇ ಕಥೆ. ಜೊತೆಗೆ ಪೈಪು ಪೈಪು ಉಜ್ಜಿ ಸವೆದಿತ್ತು.

ಎರಡನೇ ಸಲ 30206 ನಂಬರಿನ ಎರಡು ಟೇಪರ್ ಬೇರಿಂಗ್ (ಓರೆ ರೋಲರಿನ ಬೇರಿಂಗ್) ತಂದೆ. ಒಳ ಅಳತೆ 30 ಎಂಎಂ, ಹೊರಗೆ 62. ಎರಡರ ನಡುವೆ ನಾಲ್ಕು ಇಂಚು ಅಂತರ ಬರುವಂತೆ ಶಾಫ್ಟನ್ನೂ, ಬೇರಿಂಗ್ ಕೂರುವ ಕೊಳವೆಯಾದ ಹೌಸಿಂಗನ್ನೂ ಲೇತಿನಲ್ಲಿ ಕಡೆಸಿದೆ. ಅಷ್ಟಾದ ಮೇಲೆ ಆತುರಪಟ್ಟೆ. ಹೌಸಿಂಗಿಗೆ ಕೈಯನ್ನು ಒಂದೇ ಸಮ ವೆಲ್ಡ್ ಮಾಡಿಸಿದೆ. ಬಿಸಿಗೆ ಹೌಸಿಂಗ್ ಎಳೆದು ಮೊಟ್ಟೆಯಾಕಾರ ಆಯಿತು, ಬೇರಿಂಗ್ ಕಪ್ (ಅದರ ಹೊರ ಬಳೆ) ಒಳಗೇ ಹೋಗಲಿಲ್ಲ. ಆ ಕಬ್ಬಿಣ ಗುಜರಿಗೆ. ಮತ್ತೊಂದನ್ನು ಮೊದಲು ತುಂಡು ಪೈಪಿಗೆ ವೆಲ್ಡ್ ಮಾಡಿ, ತಣಿದ ಮೇಲೆ ಲೇತಿಗೆ ಕೊಟ್ಟು ಒಳಗೆ ಕೊರೆಸಿದೆ. ಈ ಸಲ ಕಪ್ ಮರದ ಸುತ್ತಿಗೆಯ ನಾಲ್ಕೇ ಪೆಟ್ಟಿಗೆ ಕೂತಿತು. ನಟ್ಟು ಬಿಗಿ ಮಾಡಿ, ಕೈ ತಿರುಗಿಸುತ್ತ ತುಸು ಸಡಿಲಿಸಿ, ಅದು ಕಳಚದಂತೆ ಸ್ಪ್ಲಿಟ್ ಪಿನ್ ಹಾಕಿದೆ. ಆಮೇಲೆ ಒಂದೇ ಬೆರಳಿಗೆ ಸ್ಟೆಪ್ನಿ ಸಮೇತ ತಿರುಗುತ್ತದೆ.

ಅದೇ ಒಂದು ಅಪಾಯ ಕೂಡ. ಇಳಿಜಾರಿನಲ್ಲಿ ತೆರೆದರೆ ತಾನಾಗಿ ಬಂದು ಕಾಲಿಗೆ ಬಡಿಯುತ್ತದೆ. ನನಗೆ ಒಮ್ಮೆ ಬಡಿದಿದೆ, ಹಾಗಾಗಿ ತೆರೆದಾಗ ತಡೆಯಲು ಒಂದು ಪಿನ್ ಇಟ್ಟಿದ್ದೇನೆ. ಇನ್ನೊಂದು, ಬಾಗಿಲು ಯಾವ ಕಡೆ ತೆರೆಯುತ್ತದೋ ಕೈಯೂ ಆ ಕಡೆಗೇ ತೆರೆಯಬೇಕು. ಇಲ್ಲದಿದ್ದರೆ ಎರಡೂ ಅಡ್ಡಡ್ಡ ನಿಂತು ಚೀಲ ಇಳಿಸಲಾಗದು.

ಮುಚ್ಚಿದಾಗ ಕೈಯನ್ನು ಟಾಗಲ್ ಕ್ಲಾಂಪು, ಅಂದರೆ ಹಿಡಿ ಒತ್ತಿದರೆ ಬಿಗಿಯಾಗುವ ಕೊಂಡಿ, ಹಿಡಿಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಗಡಗಡ ಅನ್ನದಂತೆ ನಡುವೆ ಹಳೆ ಹವಾಯಿ ಚಪ್ಪಲಿಯ ತುಂಡು ಕೂರಿಸಿದೆ. ನಗಬೇಡಿ, ಅಂಗಡಿಯ ರಬ್ಬರಿಗಿಂತ ಜಾಸ್ತಿ ಬಾಳಿಕೆ ಬಂದಿದೆ. ನಂಬರ್ ಪ್ಲೇಟನ್ನೂ ಅದರ ದೀಪವನ್ನೂ ಕೈಯ ಮೇಲಕ್ಕೆ ಬದಲಿಸಿದೆ, ಟೈರು ಮುಚ್ಚಿದರೆ ದಂಡ ಖಂಡಿತ.

ವಾರಕ್ಕೊಮ್ಮೆ ಕಾರವಾರಕ್ಕೆ ಹೋಗುವ ಗಾಡಿ, ಕಡಲ ಗಾಳಿ ಬಿಡುತ್ತದೆಯೇ? ಪೈಪಿನ ತುದಿಗಳನ್ನು ಮುಚ್ಚಿ, ತಳದಲ್ಲಿ ನೀರಿಳಿಯಲು ಸಣ್ಣ ತೂತು ಬಿಟ್ಟೆ. ಮಳೆಗಾಲ ಮುಗಿದ ಮೇಲೆ ಬೇರಿಂಗಿನ ಮೇಲಿನ ಕ್ಯಾಪ್ ಬಿಚ್ಚಿ ನೋಡಿದೆ. ನೀರು ಸೇರಿದ್ದರೆ ಗ್ರೀಸು ಮಜ್ಜಿಗೆಯಂತೆ ಬಿಳಿಚಬೇಕಿತ್ತು. ಹಾಕಿದಾಗಿನ ಕೆಂಪು ಹಾಗೇ ಇತ್ತು.