‘ಡೌಟ್’ ಸರಿಯಾಗಿ ಬಳಸುವುದು ಹೇಗೆ?

‘ಇವತ್ತು ಮಳೆ ಬರೋದು ಡೌಟು.’ ‘ಅವನ ಮೇಲೇ ನಂಗೆ ಡೌಟು.’ ‘ಸಾರ್, ಒಂದು ಡೌಟು.’ ಮೂರೂ ನಾವು ದಿನಾ ಆಡುವ ಮಾತು, ಮೂರೂ ಒಳ್ಳೆಯ ಕನ್ನಡವೇ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ‘ಡೌಟ್’ ನಿಶ್ಚಿಂತೆಯಿಂದ ಕೂರುವುದು ಮೊದಲನೆಯದರಲ್ಲಿ ಮಾತ್ರ. ಎರಡನೆಯದರಲ್ಲಿ ಅರ್ಥ ತಿರುಗಿಬೀಳುತ್ತದೆ. ಮೂರನೆಯದು ಕೇಳುವವರು ಯಾರು ಎನ್ನುವುದರ ಮೇಲೆ ನಿಂತಿದೆ.

ದೊಡ್ಡ ಎಡವಟ್ಟು ಆಗುವುದು ಎರಡನೆಯದರಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹಣ ಹೋಗಿದೆ ಎಂದುಕೊಳ್ಳಿ. ಕೆಲಸದ ಹುಡುಗನ ಮೇಲೆ ಮಾಲೀಕರಿಗೆ ಅನುಮಾನ. ದೂರಿನಲ್ಲಿ ‘ಐ ಡೌಟ್ ದಟ್ ದ ಹೆಲ್ಪರ್ ಟುಕ್ ದ ಮನಿ’ ಎಂದು ಬರೆಯುತ್ತಾರೆ. ಇಂಗ್ಲಿಷ್ ಬಲ್ಲವರು ಇದನ್ನು ಓದಿಕೊಳ್ಳುವುದು ‘ಹುಡುಗ ಹಣ ತೆಗೆದಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ’ ಎಂದು. ಆರೋಪ ಹೊರಿಸಲು ಬರೆದ ವಾಕ್ಯ ಆರೋಪಿಯ ಪರವಾಗಿ ಸಾಕ್ಷಿ ನುಡಿಯುತ್ತದೆ! ಇಲ್ಲಿ ಬೇಕಾಗಿದ್ದ ಪದ ‘ಸಸ್ಪೆಕ್ಟ್’. ‘ಡೌಟ್’ ‘ಇರಲಾರದು’ ಎಂಬ ಕಡೆಗೆ ವಾಲುತ್ತದೆ, ‘ಸಸ್ಪೆಕ್ಟ್’ ‘ಇರಬಹುದು’ ಎಂಬ ಕಡೆಗೆ.

ಯಾವುದು ಎಲ್ಲಿ ಎಂದು ಗುರುತಿಸಲು ವ್ಯಾಕರಣದ ಪುಸ್ತಕ ಬೇಕಿಲ್ಲ, ನಿಮ್ಮ ಕನ್ನಡ ವಾಕ್ಯವನ್ನೇ ನೋಡಿಕೊಳ್ಳಿ. ‘ಡೌಟು’ ಪದದ ಹಿಂದೆ ‘ಬರೋದು, ಆಗೋದು, ಸಿಗೋದು’ ಎಂಬ ರೂಪವಿದ್ದರೆ ಇಂಗ್ಲಿಷಿನಲ್ಲೂ ‘ಡೌಟ್’: ಅವನು ಬರೋದು ಡೌಟು, ‘ಐ ಡೌಟ್ ಹಿ ವಿಲ್ ಕಮ್’. ಹಿಂದೆ ‘ಅಂತ’ ಇದ್ದರೆ ‘ಸಸ್ಪೆಕ್ಟ್’: ಅವನೇ ತಗೊಂಡಿದ್ದಾನೆ ಅಂತ ಡೌಟು, ‘ಐ ಸಸ್ಪೆಕ್ಟ್ ಹಿ ಟುಕ್ ಇಟ್’. ‘ಅವನ ಮೇಲೆ’ ಎಂದು ಬಂದರೂ ‘ಸಸ್ಪೆಕ್ಟ್’ ಪದವೇ. ಇನ್ನೂ ಗೊಂದಲವಾದರೆ ‘ಡೌಟು’ ತೆಗೆದು ‘ಗುಮಾನಿ’ ಹಾಕಿ ನೋಡಿ. ‘ಅವನೇ ತಗೊಂಡಿದ್ದಾನೆ ಅಂತ ಗುಮಾನಿ’ ಸರಿಹೋಗುತ್ತದೆ, ಹಾಗಾಗಿ ಸಸ್ಪೆಕ್ಟ್. ‘ಮಳೆ ಬರೋದು ಗುಮಾನಿ’ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಡೌಟ್. ನಮ್ಮ ‘ಅನುಮಾನ’ ಎರಡೂ ಕಡೆ ಸಲ್ಲುವ ಪದ, ‘ಡೌಟು’ ಕನ್ನಡಕ್ಕೆ ಬಂದು ಅದರ ಜಾಗದಲ್ಲೇ ಕೂತಿದೆ. ತೊಡಕಿನ ಬೇರು ಇರುವುದು ಇಲ್ಲಿ.

ಹಾಗೆಂದು ಇದನ್ನು ಕನ್ನಡಿಗರ ತಪ್ಪು ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಇಂಗ್ಲಿಷರೂ ‘ಡೌಟ್’ ಪದವನ್ನು ನಮ್ಮ ಹಾಗೆಯೇ ಬಳಸುತ್ತಿದ್ದರು. ಮೂಲ ಲ್ಯಾಟಿನ್ನಿನ ‘ಡುಬಿಟಾರೆ’. ‘ಎರಡು’ ಎಂಬ ಅರ್ಥದ ‘ಡುಓ’ ಪದಕ್ಕೆ ಅದು ನಂಟು, ಸಂಸ್ಕೃತದ ‘ದ್ವಿ’ ಕೂಡ ಅದೇ ಬಳ್ಳಿಯದು. ಎರಡು ಮನಸ್ಸಾಗುವುದು ಎಂದೇ ಅದರ ಮೊದಲ ಅರ್ಥ. ಅದು ಹಳೆಯ ಫ್ರೆಂಚಿನಲ್ಲಿ ‘ಡೂಟೇ’ ಆದಾಗ ‘ಹೆದರು’ ಎಂಬ ಅರ್ಥವೂ ಸೇರಿತು. ಗಟ್ಟಿ ಎದುರಾಳಿಯನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ರಿಡೌಟಬಲ್’ ಎನ್ನುವುದು ಆ ಹೆದರಿಕೆಯ ಉಳಿಕೆ. ಆಗಬಾರದ್ದು ಆಗಿರಬಹುದು ಎಂಬ ಹೆದರಿಕೆಯೇ ಗುಮಾನಿ ತಾನೆ? 1600ರ ಆಸುಪಾಸಿನ ‘ಹ್ಯಾಮ್ಲೆಟ್’ ನಾಟಕದಲ್ಲಿ, ತಂದೆಯ ಪ್ರೇತ ಕಾಣಿಸಿಕೊಂಡ ಸುದ್ದಿ ಕೇಳಿದ ರಾಜಕುಮಾರ ‘ಐ ಡೌಟ್ ಸಮ್ ಫೌಲ್ ಪ್ಲೇ’ ಎನ್ನುತ್ತಾನೆ. ಏನೋ ಮೋಸ ನಡೆದಿದೆ ಅಂತ ಅನುಮಾನ ಎಂದೇ ಅದರ ಅರ್ಥ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಈ ಬಳಕೆ ಇನ್ನೂ ಇದೆ. ಉಳಿದ ಕಡೆ ಇಂಗ್ಲಿಷ್ ಅದನ್ನು ಬಿಟ್ಟಿದೆ, ಆದ್ದರಿಂದ ಅರ್ಜಿ, ದೂರು, ಇಮೇಲ್‌ಗಳಲ್ಲಿ ನಾವೂ ಬಿಡುವುದು ಒಳ್ಳೆಯದು.

ಈಗ ಕಾಗುಣಿತ. ಬರೆಯುವಾಗ ‘ಟಿ’ಗೆ ಮೊದಲು ‘ಬಿ’ ಇದೆ, ಓದುವಾಗ ಇಲ್ಲ. ಮಕ್ಕಳು ಇದನ್ನು ಬಿಟ್ಟು ಬರೆದರೆ ಬೈಯಬೇಡಿ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲ ಕಣ್ಣಿಗೆ ಕಾಣಲಿ ಎಂದು ವಿದ್ವಾಂಸರು ಆಮೇಲೆ ಸೇರಿಸಿದರು, ನಾಲಿಗೆ ಒಪ್ಪಲಿಲ್ಲ. ಸಾಲ ಎಂಬ ಅರ್ಥದ ‘ಡೆಟ್’ ಪದದ ಕಥೆಯೂ ಇದೇ. ಎರಡನ್ನೂ ಒಟ್ಟಿಗೆ ಕಲಿಸಿದರೆ ನೆನಪಿನಲ್ಲಿ ಉಳಿಯುತ್ತದೆ. ಇದೇ ಬೇರಿನ ‘ಡ್ಯೂಬಿಯಸ್’ ನೇರವಾಗಿ ಲ್ಯಾಟಿನ್ನಿನಿಂದ ಬಂದದ್ದು, ಅದರಲ್ಲಿ ‘ಬಿ’ ಬಾಯಲ್ಲೂ ಇದೆ. ಕಾಗುಣಿತ ಮರೆತರೆ ಇದನ್ನು ಒಮ್ಮೆ ಹೇಳಿಕೊಳ್ಳಿ.

ವಾಕ್ಯದಲ್ಲಿ ಕೂರಿಸುವಾಗ ಗಮನಿಸಬೇಕಾದದ್ದು ಕೆಲವೇ. ‘ಡೌಟ್’ ಮುಂದೆ ‘ದಟ್’, ‘ಇಫ್’, ‘ವೆದರ್’ ಮೂರೂ ಬರಬಹುದು. ‘ಬರ್ತಾನೋ ಇಲ್ವೋ’ ಎಂಬ ತೂಗಾಟವಿದ್ದರೆ ‘ವೆದರ್’ ಚೆನ್ನ. ಆದರೆ ‘ಸಂದೇಹವಿಲ್ಲ’ ಎನ್ನುವಾಗ ‘ದಟ್’ ಮಾತ್ರ: ‘ಐ ಡೋಂಟ್ ಡೌಟ್ ದಟ್ ಹಿ ಈಸ್ ಆನೆಸ್ಟ್’. ‘ಐ ಆಮ್ ಡೌಟಿಂಗ್’ ಎನ್ನಬೇಡಿ, ‘ಐ ಡೌಟ್’ ಸಾಕು. ಅದು ಮನಸ್ಸಿನ ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ನಮ್ಮ ‘ಮೇಲೆ’ ಪದವನ್ನು ಹೊತ್ತುಕೊಂಡು ಹೋಗಿ ‘ಡೌಟ್ ಆನ್ ಹಿಮ್’ ಎನ್ನುವುದು ಇನ್ನೊಂದು ತಪ್ಪು. ‘ಡೌಟ್ಸ್ ಅಬೌಟ್ ಹಿಮ್’ ಸರಿ. ‘ಆನ್’ ಸಲ್ಲುವುದು ‘ಕಾಸ್ಟ್ ಡೌಟ್ ಆನ್’ ಎಂಬಂಥ ಕಡೆ, ಅಂದರೆ ಒಂದು ಸಂಗತಿಯ ಬಗ್ಗೆ ಇತರರಿಗೆ ಸಂದೇಹ ಬರುವಂತೆ ಮಾಡುವಾಗ.

‘ನೋ ಡೌಟ್’ ಕೇಳಲು ಗಟ್ಟಿ, ತೂಕದಲ್ಲಿ ಹಗುರ. ‘ನೋ ಡೌಟ್ ಹಿ ವರ್ಕ್ಡ್ ಹಾರ್ಡ್, ಬಟ್…’ ಎಂದರೆ ನಮ್ಮ ‘ಕಷ್ಟಪಟ್ಟಿದ್ದಾನೆ, ಇಲ್ಲ ಅನ್ನೋಲ್ಲ, ಆದ್ರೆ…’ ಇದ್ದ ಹಾಗೆ. ಒಂಟಿಯಾಗಿ ಬಂದರೆ ಅನೇಕ ಸಲ ‘ಮನೆ ತಲುಪಿರ್ತಾನೆ ಬಿಡಿ’ ಎಂಬಷ್ಟೇ ಭರವಸೆ. ಖಚಿತವಾಗಿ ಹೇಳಬೇಕಾದಾಗ ‘ದೇರ್ ಈಸ್ ನೋ ಡೌಟ್ ದಟ್’ ಎಂದು ಪೂರ್ತಿ ಬರೆಯಿರಿ.

ಇನ್ನು ತರಗತಿಯ ‘ಐ ಹ್ಯಾವ್ ಎ ಡೌಟ್’. ಭಾರತದಲ್ಲಿ ಇದಕ್ಕೆ ‘ನನ್ನದೊಂದು ಪ್ರಶ್ನೆ’ ಎಂಬ ಅರ್ಥ ನೆಲೆಯಾಗಿದೆ, ಇಲ್ಲಿ ಬಳಸಲು ಅಳುಕು ಬೇಡ. ಹೊರದೇಶದ ಪ್ರಾಧ್ಯಾಪಕರ ಮುಂದೆ ಅದೇ ಮಾತು ‘ನೀವು ಹೇಳಿದ್ದು ನನಗೆ ನಂಬಿಕೆ ಬರುತ್ತಿಲ್ಲ’ ಎಂದು ಕೇಳಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.

ಕೋರ್ಟಿನ ಸುದ್ದಿ ಅನುವಾದಿಸುವವರು ಇನ್ನೂ ಒಂದನ್ನು ಗಮನಿಸಬೇಕು. ‘ಬಿಯಾಂಡ್ ರೀಸನಬಲ್ ಡೌಟ್’ ಎಂಬುದನ್ನು ‘ಸಂಶಯಾತೀತವಾಗಿ’ ಎಂದಷ್ಟೇ ಬರೆದರೆ ‘ರೀಸನಬಲ್’ ಉದುರಿಹೋಗುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಪ್ರಾಸಿಕ್ಯೂಷನ್ ನಿವಾರಿಸಬೇಕಾದದ್ದು ಜಗತ್ತಿನ ಎಲ್ಲ ಸಂಶಯಗಳನ್ನಲ್ಲ, ವಿವೇಕವುಳ್ಳವರಿಗೆ ಕಾರಣಸಹಿತವಾಗಿ ಬರಬಹುದಾದ ಸಂಶಯವನ್ನು. ‘ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ’ ಎಂದರೆ ಅರ್ಥ ಉಳಿಯುತ್ತದೆ. ಅಂಥ ಸಂಶಯ ಉಳಿದುಕೊಂಡರೆ ಅದರ ಲಾಭ ಆರೋಪಿಗೆ. ಅದೇ ‘ಬೆನಿಫಿಟ್ ಆಫ್ ದ ಡೌಟ್’. ಮಾಮೂಲಿ ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ‘ದ’ ಬಿಡಬೇಡಿ.