ಅಚ್ಚು ಕಾಯುವ ಹೊತ್ತು

ಡಿಸೆಂಬರ್ ಬಂತು ಅಂದರೆ ನಮ್ಮ ಅಟ್ಟದಿಂದ ಮೊದಲು ಕೆಳಗಿಳಿಯುವುದು ನಕ್ಷತ್ರವೂ ಅಲ್ಲ, ಕ್ರಿಸ್‌ಮಸ್ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಬೊಂಬೆಗಳೂ ಅಲ್ಲ. ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಕಬ್ಬಿಣದ ಅಚ್ಚು. ಉದ್ದ ಹಿಡಿ, ತುದಿಯಲ್ಲೊಂದು ಹೂವು. ಅದರಲ್ಲಿ ಕರಿಯುವ ತಿಂಡಿಗೆ ನಾವು ಕೊಂಕಣಿಯಲ್ಲಿ ಕೊಕಿಸಾಂ ಅನ್ನುತ್ತೇವೆ. ಮಲಯಾಳದವರಿಗೆ ಅದು ಅಚ್ಚಪ್ಪಂ, ಬೇಕರಿಯವರಿಗೆ ರೋಸ್ ಕುಕ್ಕೀಸ್. ಕಾಸರಗೋಡಲ್ಲಿ ಒಂದು ತಿಂಡಿಗೆ ಮೂರೇ ಹೆಸರು ಅಂದರೆ ಕಡಿಮೆಯೇ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬೇಳದಲ್ಲಿ. ಇಲ್ಲಿನ ಇಗರ್ಜಿ, ಅಂದರೆ ಚರ್ಚು, 1890ರದ್ದು. 1956ರಲ್ಲಿ ಊರು ಕೇರಳಕ್ಕೆ ಸೇರಿತು, ಆದರೆ ಇಗರ್ಜಿ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಶಾಲೆಗಳದ್ದು ಮಾತ್ರ ಕೇರಳದ ಲೆಕ್ಕ. ಮಂಗಳೂರಿನ ಮಕ್ಕಳ ಹಾಗೆ ಉದ್ದದ ದಸರಾ ರಜೆ ಇಲ್ಲ, ಅದರ ಬದಲು ಹೆಚ್ಚುಕಡಿಮೆ ಓಣಂಗೆ ಹತ್ತು ದಿನ, ಕ್ರಿಸ್‌ಮಸ್‌ಗೆ ಹತ್ತು ದಿನ. ಅರ್ಧವಾರ್ಷಿಕ ಪರೀಕ್ಷೆ ಮುಗಿಸಿದ ಮಕ್ಕಳು ಸರಿಯಾದ ಹೊತ್ತಿಗೆ ಕೈಗೆ ಸಿಗುತ್ತಾರೆ. ಕುಸ್ವಾರ್ ಮಾಡುವ ಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕುಸ್ವಾರ್ ಅಂದರೆ ಹಬ್ಬದ ತಿಂಡಿಗಳೆಲ್ಲ ಒಟ್ಟಿಗೆ. ಎಳ್ಳು, ಒಣಕೊಬ್ಬರಿ, ಏಲಕ್ಕಿ ತುಂಬಿದ ನೆವ್ರಿ, ಅದೇ ನಿಮ್ಮ ಕರ್ಜಿಕಾಯಿ. ಅಕ್ಕಿಹಿಟ್ಟಿನ ಗುಳಿಯೊ. ಚಕ್ಕುಲಿ. ಮತ್ತೆ ಕಿಡಿಯೊ. ಕಿಡಿಯೊ ಅಂದರೆ ಹುಳುಗಳು! ಮೈದಾ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿದರೆ ಕಾಣುವುದೂ ಹಾಗೆಯೇ. ಈ ಕೆಲಸ ಮಕ್ಕಳದ್ದು. ಮೊದಲ ಐವತ್ತು ಚಂದ ಬರುತ್ತವೆ, ಆಮೇಲೆ ಹುಳುಗಳು ದಪ್ಪ ಆಗುತ್ತಾ ಹೋಗುತ್ತವೆ. ನಾನು ಏನೂ ಹೇಳುವುದಿಲ್ಲ.

ಕೊಕಿಸಾಂ ಮಾತ್ರ ನನ್ನದು. ಆರು ವರ್ಷದ ಹಿಂದೆ ಅಮ್ಮನಿಗೆ ಭುಜ ಹಿಡಿದುಕೊಂಡಿತು. ಅಚ್ಚು ನನ್ನ ಕೈಗೆ ಬಂತು. ಹಿಟ್ಟು ಕಷ್ಟವಲ್ಲ. ಎರಡು ಲೋಟ ಬೆಳ್ತಿಗೆ (ಬಿಳಿ) ಅಕ್ಕಿ ನಾಲ್ಕು ಗಂಟೆ ನೆನೆಸಿ, ದಪ್ಪ ತೆಂಗಿನಹಾಲು ಹಾಕಿ ನುಣ್ಣಗೆ ರುಬ್ಬುವುದು. ಅರ್ಧ ಲೋಟ ಮೈದಾ, ಮುಕ್ಕಾಲು ಲೋಟ ಸಕ್ಕರೆ, ಎರಡು ಮೊಟ್ಟೆ, ಚಿಟಿಕೆ ಉಪ್ಪು, ಒಂದಿಷ್ಟು ಎಳ್ಳು. ನೀರುದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆಯದ್ದಕ್ಕಿಂತ ತೆಳು. ಸಿಹಿ ಇರಲಿ ಅಂತ ಸಕ್ಕರೆ ಜಾಸ್ತಿ ಸುರಿದರೆ ಬೇಗ ಕೆಂಪಾಗಿ ಅಚ್ಚಿಗೇ ಅಂಟುತ್ತದೆ.

ಕಷ್ಟ ಇರುವುದು ಅಚ್ಚಿನಲ್ಲಿ. ಮೊದಲ ವರ್ಷ ನಾನೊಂದು ಹೊಸ ಅಚ್ಚು ತಂದೆ. ಪಳಪಳ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಹೊಳೆದದ್ದನ್ನು ನೋಡಿಯೇ ತಗೊಂಡದ್ದು, ತಪ್ಪಾದದ್ದೂ ಅಲ್ಲೇ. ಮೊದಲ ಹದಿನೈದರಲ್ಲಿ ಒಂದೂ ಇಡಿಯಾಗಿ ಬಿಡಲಿಲ್ಲ. ಚಾಕುವಿನಲ್ಲಿ ಕೆರೆದು ಕೆರೆದು ಪುಡಿ ಮಾಡಿದೆ. ಆ ಪುಡಿಯನ್ನು ಮಕ್ಕಳು ಚಹಾಕ್ಕೆ ಹಾಕಿ ತಿಂದರು, ಅದು ಬೇರೆ. ಹೊಸ ಅಚ್ಚನ್ನು ಎರಡು ದಿನ ಗಂಜಿತಿಳಿಯಲ್ಲಿ ಮುಳುಗಿಸಿಡಬೇಕು, ಒರೆಸಿ ತೆಂಗಿನೆಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಅದೇ ಎಣ್ಣೆಯಲ್ಲಿ ರಾತ್ರಿಯಿಡೀ ಬಿಡಬೇಕು ಅಂತ ಅಮ್ಮ ಆಮೇಲೆ ಹೇಳಿದರು. ಮೊದಲೇ ಹೇಳಬಹುದಿತ್ತಲ್ವಾ? "ನೀನು ಕೇಳಿದ್ದೆಯಾ?"

ಈಗ ಹಳೇ ಅಚ್ಚೇ. ಬಾಣಲೆಯಲ್ಲಿ ಎಣ್ಣೆ ಕಾಯುವಾಗ ಅಚ್ಚೂ ಅದರಲ್ಲೇ ಕಾಯುತ್ತಿರಬೇಕು. ತೆಗೆದು, ಎಣ್ಣೆ ಕೊಡವಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಹೂವಿನ ಮೇಲ್ಭಾಗ ದಾಟಿತೋ, ಕತೆ ಮುಗಿಯಿತು. ಮೇಲಿಂದಲೂ ಕೆಳಗಿಂದಲೂ ಕಚ್ಚಿಕೊಂಡರೆ ಅದು ಬಿಡುವುದು ಹೇಗೆ? ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯದೆ ಜಾರುತ್ತದೆ. ಜಾಸ್ತಿ ಕಾದಿದ್ದರೂ ಸಿಡಿದು ಹಿಟ್ಟಿನ ಪಾತ್ರೆಗೇ ಉದುರುತ್ತದೆ. ಅಮ್ಮ ಒಳಗಿನ ಕೋಣೆಯಲ್ಲಿ ಜಪಸರ ಹಿಡಿದು ಕೂತಲ್ಲಿಂದಲೇ ಶಬ್ದದಲ್ಲಿ ಹೇಳಿಬಿಡುತ್ತಾರೆ. ಚುಂಯ್ ಅಂತ ಗಿಡ್ಡ ಶಬ್ದ ಬಂದರೆ ಸರಿ. ಚರ್ರ್ ಅಂತ ಎಳೆದರೆ, "ಅವಸರ ಮಾಡಬೇಡ ಪುತಾ, ಸ್ವಲ್ಪ ಆರಲಿ." ಎಣ್ಣೆಗಿಳಿಸಿ ಹತ್ತು ಎಣಿಸುವಷ್ಟರಲ್ಲಿ ಅಂಚು ಗಟ್ಟಿಯಾಗುತ್ತದೆ. ಅಚ್ಚನ್ನು ಮೆಲ್ಲ ಕುಲುಕಿದರೆ ಹೂವು ಕಳಚಿ ತೇಲುತ್ತದೆ. ಇಡೀ ಹಬ್ಬದಲ್ಲಿ ನನಗೆ ಭಾರಿ ಇಷ್ಟ ಅದೊಂದು ಕ್ಷಣ. ಕೇಕ್, ಹೊಸ ಬಟ್ಟೆ ಎಲ್ಲ ಆಮೇಲೆ. ಕೇಕಿನ ಮೇಲೆ ಸಿಟ್ಟೇನಿಲ್ಲ. ತಲಶ್ಶೇರಿಯಲ್ಲಿ ಬೇಕರಿಯ ಮಾಂಬಳ್ಳಿ ಬಾಪು 1883ರಲ್ಲೇ ಕ್ರಿಸ್‌ಮಸ್ ಕೇಕ್ ಮಾಡಿದ್ದರು, ಅದು ನಮ್ಮ ಪಕ್ಕದ ಜಿಲ್ಲೆಯ ಹೆಮ್ಮೆ. ಆದರೆ ಕೇಕನ್ನು ದುಡ್ಡು ಕೊಟ್ಟು ತರುತ್ತೇವೆ, ಅಷ್ಟೇ.

ಗೋದಲಿ ಕಟ್ಟುವುದು ಮಕ್ಕಳ ಜೊತೆ. ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ 1223ರಲ್ಲಿ ಮೊದಲು ಗೋದಲಿ ಮಾಡಿದ್ದು ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟುಕೊಂಡು. ನಮ್ಮಲ್ಲಿ ಬೈಹುಲ್ಲಿನ ಮಾಡು, ಮುರಕಲ್ಲಿನ ಚೂರುಗಳ ಗುಡ್ಡ, ಮತ್ತು ಗುಡಿಸಲಿಗಿಂತ ಎತ್ತರದ ಒಂದು ಒಂಟೆ. ಹಸಿರು ಗದ್ದೆಗೆ ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಮಣ್ಣು ಹಾಕಿ ಭತ್ತ ಬಿತ್ತುತ್ತೇವೆ. ಒಂದು ವರ್ಷ ಉಮೇದಿನಲ್ಲಿ 5ನೇ ತಾರೀಕಿಗೇ ಬಿತ್ತಿದೆ. ಹಬ್ಬದ ಹೊತ್ತಿಗೆ ಪೈರು ಗೇಣುದ್ದ ಬೆಳೆದು ಅಡ್ಡ ಬಿತ್ತು, ಕುರಿಗಳು ಕಾಣಲೇ ಇಲ್ಲ. ಈಗ ಒಂದು ದಿನ ನೆನೆಸಿ 14ಕ್ಕೆ ಬಿತ್ತುವುದು. ಬಾಲಯೇಸುವಿನ ಬೊಂಬೆ ಮಾತ್ರ ಕಪಾಟಿನಲ್ಲಿ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಅದಕ್ಕೆ ಜಾಗ.

ಇನ್ನು ತಟ್ಟೆಗಳು. ಪಕ್ಕದ ತೋಟದ ಭಟ್ರ ಮನೆಯಲ್ಲಿ ಮೊಟ್ಟೆ ಆಗುವುದಿಲ್ಲ. ಅದಕ್ಕೆ ಮೊಟ್ಟೆ ಒಡೆಯುವ ಮೊದಲೇ, ಹೊಸ ಎಣ್ಣೆಯಲ್ಲಿ, ಒಂದು ಬಾಣಲೆ ಅವರ ಪಾಲಿನದ್ದು ತೆಗೆದಿಡುತ್ತೇನೆ. ಸ್ವಲ್ಪ ಗಟ್ಟಿ ಬರುತ್ತದೆ, ಆದರೆ ಹದಿನೈದು ದಿನ ಹಾಳಾಗುವುದಿಲ್ಲ. ತಟ್ಟೆ ಖಾಲಿ ಹಿಂದೆ ಬರುವ ಕ್ರಮ ಇಲ್ಲಿಲ್ಲ. ಬ್ಯಾರಿ ಮುಸ್ಲಿಮರ ಮನೆಯಿಂದ ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಬಿರಿಯಾನಿ ಬರುತ್ತದೆ. ಭಟ್ರ ಮನೆಯ ಅಕ್ಕ ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳವನ್ನು ಅದೇ ತಟ್ಟೆಯಲ್ಲಿಟ್ಟು ಕಳಿಸುತ್ತಾರೆ.

ಕಳೆದ ಸಲ ಹಪ್ಪಳದ ಜೊತೆ ಒಂದು ಕೇಳಿಕೆಯೂ ಬಂತು. ಮಗಳು ಊರಿಗೆ ಬಂದಿದ್ದಾಳೆ, ಒಮ್ಮೆ ಮಾಡಿ ನೋಡಬೇಕಂತೆ, ಅಚ್ಚು ಕೊಡ್ತೀಯಾ ಅಂತ. ಹೊಸದನ್ನು ಕೊಡಲು ಮನಸ್ಸಾಗಲಿಲ್ಲ, ಹಳೆಯದನ್ನೇ ಬನಿಯನ್ ಸಮೇತ ಕೊಟ್ಟು ಬಂದೆ. ಸೋಪು ಹಾಕಿ ತೊಳೆಯಬೇಡಿ ಅಕ್ಕ ಅಂತ ಮೆಟ್ಟಿಲಲ್ಲಿ ಒಮ್ಮೆ ಹೇಳಿದೆ, ಗೇಟಿನ ಹತ್ತಿರ ಬಂದು ತಿರುಗಿ ಇನ್ನೊಮ್ಮೆ ಹೇಳಿದೆ.